ಮೊದಲು ಅಂದಾಜು, ಆಮೇಲೆ ಬಿಂದು

ಅರ್ಧದಲ್ಲಿ ಅರ್ಧ ಎಷ್ಟು ಎಂದು ಏಳನೇ ತರಗತಿಯ ಮಕ್ಕಳನ್ನು ಕೇಳಿದರೆ ಕಾಲು ಎನ್ನುತ್ತಾರೆ; ಯೋಚಿಸುವುದಕ್ಕೂ ನಿಲ್ಲುವುದಿಲ್ಲ. ಅದೇ ಮಕ್ಕಳಿಗೆ 0.5 × 0.5 ಎಂದು ಬರೆದುಕೊಟ್ಟರೆ ಕೆಲವರು 0.25 ಎಂದು ಬರೆದಾರು, ಬೇಕಾದಷ್ಟು ಮಂದಿ 2.5 ಎಂದೇ ಬರೆಯುತ್ತಾರೆ. ಎರಡೂ ಒಂದೇ ಲೆಕ್ಕ. 2.5 ಎಂದು ಬರೆದ ಮಗುವಿಗೆ ಮಗ್ಗಿ ಬರುವುದಿಲ್ಲ ಎನ್ನುವಂತಿಲ್ಲ. ಐದೈದ್ಲಿ ಇಪ್ಪತ್ತೈದು ಎಂಬುದು ಸರಿಯಾಗಿಯೇ ಬಂದಿದೆ. ಅರ್ಧ, ಕಾಲು ಗೊತ್ತಿಲ್ಲ ಎನ್ನುವಂತೆಯೂ ಇಲ್ಲ. ಅರ್ಧದಷ್ಟು ಇರುವುದರಲ್ಲಿ ಅರ್ಧ ತೆಗೆದುಕೊಂಡರೆ ಎರಡೂವರೆ ಹೇಗಾದೀತು ಎಂಬ ಪ್ರಶ್ನೆಯೇ ಆ ಮಗುವಿಗೆ ಬಂದಿಲ್ಲ, ಅಷ್ಟೆ. ಏಕೆಂದರೆ ದಶಮಾಂಶ ಗುಣಾಕಾರ ಕಲಿಸುವಾಗ ಆ ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸವನ್ನೇ ನಾವು ಮಾಡಿಸಿಲ್ಲ. ಬಿಂದು ಇಲ್ಲವೆಂದುಕೊಂಡು ಗುಣಿಸು, ಆಮೇಲೆ ಎರಡೂ ಸಂಖ್ಯೆಗಳಲ್ಲಿ ಬಿಂದುವಿನ ಆಚೆ ಎಷ್ಟು ಅಂಕಿಗಳಿವೆ ಎಣಿಸು, ಉತ್ತರದಲ್ಲಿ ಬಲಗಡೆಯಿಂದ ಅಷ್ಟು ಅಂಕಿ ಬಿಟ್ಟು ಬಿಂದು ಇಡು ಎಂದು ಹೇಳಿಕೊಟ್ಟು ಮುಂದಿನ ಅಭ್ಯಾಸಕ್ಕೆ ಹೋಗುತ್ತೇವೆ. ಸೂತ್ರದಲ್ಲಿ ತಪ್ಪೇನೂ ಇಲ್ಲ, ಅದು ಬರುವ ಸರದಿಯಲ್ಲಿ ತಪ್ಪಿದೆ. ಉತ್ತರ ಹೆಚ್ಚುಕಡಿಮೆ ಎಷ್ಟಿರಬೇಕು ಎಂದು ಮಗು ಮೊದಲು ಹೇಳಬೇಕು, ಬಿಂದು ಇಡುವ ಸೂತ್ರ ಎಲ್ಲಕ್ಕಿಂತ ಕೊನೆಗೆ ಬರಬೇಕು ಎಂಬುದು ನನ್ನ ವಾದ.

ಸೂತ್ರವನ್ನು ಮೊದಲು ಬರೆದಿಟ್ಟವರೇ ಅದನ್ನು ಹೀಗೆ ಒಣಗಿಸಿ ಕೊಟ್ಟಿರಲಿಲ್ಲ. ಯುರೋಪಿನಲ್ಲಿ ದಶಮಾಂಶ ಲೆಕ್ಕವನ್ನು ಜನಬಳಕೆಗೆ ತಂದ ಸೈಮನ್ ಸ್ಟೆವಿನ್ 1585ರಲ್ಲಿ ‘ಡಿ ತೀಂಡೆ’ ಎಂಬ ಪುಟ್ಟ ಪುಸ್ತಕ ಪ್ರಕಟಿಸಿದ. ಅದು ಪಂಡಿತರಿಗಾಗಿ ಬರೆದದ್ದಲ್ಲ. ಭೂಮಾಪಕರು, ಬಟ್ಟೆ ಅಳೆಯುವವರು, ದ್ರಾಕ್ಷಾರಸದ ಪೀಪಾಯಿ ಅಳೆಯುವವರು, ಟಂಕಸಾಲೆಯವರು, ವ್ಯಾಪಾರಿಗಳು ಅವನ ಓದುಗರು. ಗುಣಾಕಾರಕ್ಕೆ ಅವನು ತೆಗೆದುಕೊಂಡ ಉದಾಹರಣೆ ಇವತ್ತಿನ ಬರಹದಲ್ಲಿ 32.57 × 89.46. ಪೂರ್ಣಸಂಖ್ಯೆಗಳಂತೆ ಗುಣಿಸಿ, ಸ್ಥಾನದ ಗುರುತುಗಳನ್ನು ಕೂಡಿ, 2913.7122 ಎಂಬ ಉತ್ತರ ತೆಗೆಯುತ್ತಾನೆ. ಅಲ್ಲಿಗೇ ನಿಲ್ಲುವುದಿಲ್ಲ. ಅದೇ ಲೆಕ್ಕವನ್ನು ನೂರು ಛೇದವಿರುವ ಎರಡು ಭಿನ್ನರಾಶಿಗಳಾಗಿ ಮತ್ತೆ ಬರೆದು, ನೂರನ್ನು ನೂರರಿಂದ ಗುಣಿಸಿದರೆ ಹತ್ತು ಸಾವಿರ, ಆದ್ದರಿಂದಲೇ ನಾಲ್ಕು ಸ್ಥಾನ ಎಂದು ತೋರಿಸುತ್ತಾನೆ. ವ್ಯಾಪಾರಿಗೆ ಕಾರಣ ಯಾಕೆ, ಸೂತ್ರ ಸಾಕು ಎಂದು ಅವನಿಗೆ ಅನ್ನಿಸಲಿಲ್ಲ. ನಾನೂರು ವರ್ಷಗಳ ಮೇಲೆ, ಕಲಿಯುವುದಕ್ಕೆಂದೇ ಶಾಲೆಗೆ ಬಂದ ಮಕ್ಕಳ ಮಟ್ಟಿಗೆ ಮಾತ್ರ ಸೂತ್ರ ಸಾಕಾಗುತ್ತದೆ ಎಂದು ನಾವು ತೀರ್ಮಾನಿಸಿದಂತಿದೆ.

ಸೂತ್ರ ಮಾತ್ರ ಕಲಿತರೆ ಏನಾಗುತ್ತದೆ ಎಂಬುದಕ್ಕೆ ಹಳೆಯದಾದರೂ ಸ್ಪಷ್ಟವಾದ ಸಾಕ್ಷ್ಯವೊಂದಿದೆ. ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಸಮೀಕ್ಷೆಯ ಎರಡನೇ ಗಣಿತ ಪರೀಕ್ಷೆ ನಡೆದದ್ದು 1977-78ರಲ್ಲಿ. ಅದರಲ್ಲಿ 3.04 × 5.3 ಎಷ್ಟಾಗಬಹುದು ಎಂದು ಲೆಕ್ಕ ಮಾಡದೆ ಅಂದಾಜಿನಲ್ಲಿ ಹೇಳಲು ಕೇಳಿ ನಾಲ್ಕು ಆಯ್ಕೆ ಕೊಟ್ಟರು: 1.6, 16, 160, 1600. ಮೂರನ್ನು ಐದರಿಂದ ಗುಣಿಸಿದರೆ ಹದಿನೈದು, ಹಾಗಾಗಿ ಹದಿನಾರರ ಆಸುಪಾಸು. ಬೇರೆ ಏನೂ ಬೇಕಿಲ್ಲ. ಹದಿಮೂರು ವರ್ಷದ ಮಕ್ಕಳಲ್ಲಿ ಇದನ್ನು ಸರಿಯಾಗಿ ಆರಿಸಿದವರು ಐವರಲ್ಲಿ ಒಬ್ಬರಷ್ಟೆ. ಕಣ್ಣುಮುಚ್ಚಿ ಆರಿಸಿದ್ದರೂ ನಾಲ್ವರಲ್ಲಿ ಒಬ್ಬರಿಗಾದರೂ ಸರಿ ಬರಬೇಕಿತ್ತು! ಹದಿನೇಳು ವರ್ಷದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಹೊಳೆಯಲಿಲ್ಲ. ಆದರೆ ಇದೇ ಬಗೆಯ ಗುಣಾಕಾರವನ್ನು ಕಾಗದದ ಮೇಲೆ ಮಾಡಿ ಎಂದಾಗ ಸರಿಯಾಗಿ ಮಾಡಿದ ಮಕ್ಕಳ ಪ್ರಮಾಣ ಇದಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ಅಂದರೆ ಲೆಕ್ಕ ಬರುತ್ತಿತ್ತು, ಉತ್ತರದ ಗಾತ್ರ ತಿಳಿಯುತ್ತಿರಲಿಲ್ಲ. ನಮ್ಮ ಪ್ರಶ್ನೆಪತ್ರಿಕೆಗಳು ಮೊದಲನೆಯದನ್ನು ಮಾತ್ರ ಕೇಳುವುದರಿಂದ ಎರಡನೆಯದರ ಕೊರತೆ ನಮ್ಮ ಅಂಕಪಟ್ಟಿಗಳಲ್ಲಿ ಕಾಣಿಸುವುದೇ ಇಲ್ಲ.

ಇದಕ್ಕಿಂತ ಆಳವಾದ ತೊಂದರೆಯನ್ನು ತೋರಿಸಿದ್ದು ಎಫ್ರಾಯಿಮ್ ಫಿಶ್‌ಬೈನ್ ಮತ್ತು ಸಂಗಡಿಗರು ಇಟಲಿಯ ಪೀಸಾ ನಗರದ ಶಾಲಾಮಕ್ಕಳ ಮೇಲೆ ನಡೆಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದು ಕ್ವಿಂಟಲ್ ಗೋಧಿಗೆ 0.75 ಕ್ವಿಂಟಲ್ ಹಿಟ್ಟು ಬಂದರೆ 15 ಕ್ವಿಂಟಲ್ ಗೋಧಿಗೆ ಎಷ್ಟು ಎಂದು ಕೇಳಿದಾಗ ಬಹುಪಾಲು ಮಕ್ಕಳು ಗುಣಿಸಬೇಕು ಎಂದರು. ಒಂದು ಕಿಲೋ ಮಾರ್ಜಕದಿಂದ 15 ಕಿಲೋ ಸಾಬೂನಾದರೆ 0.75 ಕಿಲೋ ಮಾರ್ಜಕದಿಂದ ಎಷ್ಟು ಎಂದು ಕೇಳಿದಾಗ ಬಹುಪಾಲು ಮಕ್ಕಳು ಎಡವಿದರು. ಎರಡರಲ್ಲೂ ಅವೇ ಸಂಖ್ಯೆಗಳು, ಅದೇ ಗುಣಾಕಾರ. ವ್ಯತ್ಯಾಸವಿರುವುದು ಒಂದೇ ಕಡೆ: ಮೊದಲನೆಯದರಲ್ಲಿ ಹದಿನೈದು ಸಲ, ಎರಡನೆಯದರಲ್ಲಿ ಮುಕ್ಕಾಲು ಸಲ. ಗುಣಾಕಾರವೆಂದರೆ ಮತ್ತೆ ಮತ್ತೆ ಕೂಡುವುದು ಎಂದು ಎರಡನೇ ತರಗತಿಯಲ್ಲಿ ಕಲಿತ ಮಗುವಿಗೆ ಮುಕ್ಕಾಲು ಸಲ ಕೂಡುವುದೆಂದರೆ ಏನು ಎಂದು ಗೊತ್ತಾಗುವುದಿಲ್ಲ. ಉತ್ತರ ಹದಿನೈದಕ್ಕಿಂತ ಕಡಿಮೆ ಬರಬೇಕೆಂಬುದು ಮನಸ್ಸಿಗೆ ಹೊಳೆದಿರುತ್ತದೆ, ಗುಣಿಸಿದರೆ ದೊಡ್ಡದಾಗುತ್ತದೆ, ಭಾಗಿಸಿದರೆ ಚಿಕ್ಕದಾಗುತ್ತದೆ ಎಂಬ ನಂಬಿಕೆಯೂ ಬೇರೂರಿರುತ್ತದೆ, ಹಾಗಾಗಿ ಭಾಗಿಸುತ್ತದೆ. ಕೆಜಿಗೆ 32 ರೂಪಾಯಿಯ ಟೊಮೆಟೊ 0.75 ಕೆಜಿಗೆ ಎಷ್ಟು ಎಂಬ ಲೆಕ್ಕದಲ್ಲಿ 32ನ್ನು 0.75ರಿಂದ ಭಾಗಿಸಿ, 42 ರೂಪಾಯಿ ಚಿಲ್ಲರೆ ಎಂದು ಬರೆದು, ಎರಡು ಗೆರೆ ಎಳೆದು ಮುಗಿಸುವುದು ಹೀಗೆ. ಒಂದು ಕೆಜಿಗಿಂತ ಕಡಿಮೆ ಕೊಂಡವನು ಒಂದು ಕೆಜಿಯ ಬೆಲೆಗಿಂತ ಹೆಚ್ಚು ಕೊಡುತ್ತಿದ್ದಾನೆ. ಬಿಂದು ಇಡುವ ಸೂತ್ರ ಎಷ್ಟೇ ಚೆನ್ನಾಗಿ ಬಾಯಿಪಾಠವಾಗಿದ್ದರೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಗುಣಿಸಬೇಕೆಂದೇ ಮಗುವಿಗೆ ಅನ್ನಿಸಿಲ್ಲ.

ಹಿಂದಿನ ತರಗತಿಗಳಲ್ಲಿ ನಾವೇ ಹೇಳಿಕೊಟ್ಟ ಸುಲಭೋಪಾಯಗಳು ಇಲ್ಲಿ ಬಂದು ಕಾಡುತ್ತವೆ. ಹತ್ತರಿಂದ ಗುಣಿಸಿದರೆ ಕೊನೆಗೊಂದು ಸೊನ್ನೆ ಸೇರಿಸು ಎಂದು ಮೂರನೇ ತರಗತಿಯಲ್ಲಿ ಹೇಳಿರುತ್ತೇವೆ. ಆ ಮಾತನ್ನು ನಂಬಿದ ಮಗು 2.5 × 10 = 2.50 ಎಂದು ಬರೆದರೆ ತಪ್ಪು ಯಾರದು? ಕೂಡುವ ಲೆಕ್ಕದಲ್ಲಿ ಬಿಂದುವಿನ ಕೆಳಗೆ ಬಿಂದು ಬರಬೇಕು ಎಂದಿರುತ್ತೇವೆ, 0.3 + 0.2 = 0.5 ಆದದ್ದನ್ನು ಕಂಡ ಮಗು 0.3 × 0.2 = 0.6 ಎನ್ನುತ್ತದೆ, ಬಿಂದುವನ್ನು ನೇರ ಕೆಳಗಿಳಿಸಿ. 2.5 × 0.4 ತೆಗೆದುಕೊಳ್ಳಿ. 25ನ್ನು 4ರಿಂದ ಗುಣಿಸಿದರೆ 100, ಎರಡು ಸ್ಥಾನ ಬಿಟ್ಟರೆ 1.00. ಸೊನ್ನೆಗಳಿಗೆ ಬೆಲೆಯಿಲ್ಲವೆಂದು ಮೊದಲೇ ತೆಗೆದುಹಾಕಿ ಆಮೇಲೆ ಸ್ಥಾನ ಎಣಿಸಿದ ಮಗುವಿಗೆ ಸಿಗುವುದು 0.01. ಸೂತ್ರದ ಎರಡೂ ಹೆಜ್ಜೆ ಇಟ್ಟಿದೆ, ಹಿಂದುಮುಂದಾಗಿದೆ ಅಷ್ಟೆ; ಉತ್ತರ ನೂರು ಪಟ್ಟು ಕಡಿಮೆಯಾಗಿದೆ. ಎರಡೂವರೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಎಂದರೆ ಒಂದರ ಹತ್ತಿರ ಇರಬೇಕಲ್ಲವೇ ಎಂದು ಒಂದು ಕ್ಷಣ ಯೋಚಿಸಿದ್ದರೆ ಆ ಉತ್ತರವನ್ನು ಮಗು ತಾನೇ ಹೊಡೆದುಹಾಕುತ್ತಿತ್ತು. ಈ ತಪ್ಪುಗಳನ್ನು ಅಜಾಗರೂಕತೆ ಎಂದು ಕೆಂಪು ಶಾಯಿಯಲ್ಲಿ ಗೀಚಿ ಬಿಡುವುದು ಅನ್ಯಾಯ. ಇವು ಅಜಾಗರೂಕತೆಯಿಂದ ಆದವಲ್ಲ, ಹೇಳಿಕೊಟ್ಟದ್ದನ್ನು ಶ್ರದ್ಧೆಯಿಂದ ಪಾಲಿಸಿದ್ದರಿಂದ ಆದವು.

ಕರ್ನಾಟಕದ ಮಕ್ಕಳಿಗೆ ಇನ್ನೂ ಒಂದು ತೊಡಕಿದೆ, ನಮ್ಮ ಪಠ್ಯಗಳು ಅದನ್ನು ಗಣನೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ. ಇಲ್ಲಿ ಮಗು ದಿನವೂ ನೋಡುವ ಬಿಂದುಗಳಲ್ಲಿ ಎಷ್ಟೋ ದಶಮಾಂಶ ಬಿಂದುಗಳೇ ಅಲ್ಲ. ಬಯಲುಸೀಮೆಯ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ 2.20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆ, ಆದ್ದರಿಂದ ಅದು ಎರಡೂವರೆ ಎಕರೆ. ಶಾಲೆಯ ಲೆಕ್ಕದಲ್ಲಿ 2.20 ಎಂದರೆ ಎರಡೂಕಾಲಿಗಿಂತಲೂ ಕಡಿಮೆ. ಎಕರೆಗೆ ಹತ್ತು ಲಕ್ಷದಂತೆ ಆ ಜಮೀನಿನ ಬೆಲೆ ಕಟ್ಟುವಾಗ ಪಹಣಿಯ ಅಂಕಿಯನ್ನು ಹಾಗೆಯೇ ಕ್ಯಾಲ್ಕುಲೇಟರಿಗೆ ಒತ್ತಿದವನಿಗೆ 22 ಲಕ್ಷ ಬರುತ್ತದೆ, ನಿಜವಾದ ಬೆಲೆ 25 ಲಕ್ಷ. ಘಟ್ಟ ಇಳಿದು ದಕ್ಷಿಣ ಕನ್ನಡ, ಉಡುಪಿಗೆ ಹೋದರೆ ಎಕರೆಗೆ ನೂರು ಸೆಂಟ್ಸ್. ಅಲ್ಲಿ ಎರಡೂವರೆ ಎಕರೆಯನ್ನು 2.50 ಎಂದೇ ಬರೆಯುತ್ತಾರೆ, ಅದು ಅಪ್ಪಟ ದಶಮಾಂಶ. ಒಂದೇ ರಾಜ್ಯದ ಒಂದೇ ಬಗೆಯ ದಾಖಲೆಯಲ್ಲಿ ಬಿಂದುವಿಗೆ ಎರಡು ಅರ್ಥ. ಕ್ರಿಕೆಟ್ಟಿನಲ್ಲಿ 4.3 ಓವರ್ ಎಂದರೆ ನಾಲ್ಕು ಓವರ್ ಮೂರು ಎಸೆತ, ಅಂದರೆ ನಾಲ್ಕೂವರೆ ಓವರ್. ಓವರಿಗೆ ಎಂಟರಂತೆ ರನ್ ಲೆಕ್ಕ ಹಾಕಿದರೆ 36 ಬರಬೇಕು, 34.4 ಅಲ್ಲ. ಎತ್ತರ 5.6 ಎಂದರೆ ಐದಡಿ ಆರಿಂಚು, ಬಸ್ಸು 1.30ಕ್ಕೆ ಎಂದರೆ ಒಂದೂವರೆ ಗಂಟೆಗೆ. ಬಿಂದು ಎರಡು ಪೂರ್ಣಸಂಖ್ಯೆಗಳ ನಡುವಿನ ಬೇಲಿ ಎಂದು ಮಗು ತಿಳಿದುಕೊಂಡರೆ ಅದರ ಸುತ್ತಲಿನ ಜಗತ್ತು ಅದನ್ನೇ ಹೇಳಿಕೊಡುತ್ತಿದೆ. 3.45 ಮತ್ತು 3.5ರಲ್ಲಿ ಯಾವುದು ದೊಡ್ಡದು ಎಂದರೆ ನಲವತ್ತೈದು ಐದಕ್ಕಿಂತ ದೊಡ್ಡದಲ್ಲವೇ ಎಂದು ಮೊದಲನೆಯದನ್ನು ಆರಿಸುವುದು ಇದರಿಂದಲೇ. ಆ ಮಗುವಿನ ಮುಂದೆ ಪಹಣಿಯ ಒಂದು ನಕಲನ್ನೂ ಕ್ರಿಕೆಟ್ ಸ್ಕೋರಿನ ಒಂದು ತುಣುಕನ್ನೂ ಇಟ್ಟು, ಇವುಗಳಲ್ಲಿ ಯಾವ ಬಿಂದುವನ್ನು ಹಾಗೆಯೇ ಗುಣಿಸಬಹುದು, ಯಾವುದನ್ನು ಗುಣಿಸಬಾರದು ಎಂದು ಕೇಳುವ ಒಂದು ಪೀರಿಯಡ್, ಸೂತ್ರ ಹಾಕಿ ಬಿಡಿಸಿದ ನಲವತ್ತು ಲೆಕ್ಕಗಳಿಗಿಂತ ಹೆಚ್ಚು ಕಲಿಸುತ್ತದೆ ಎಂದು ನನ್ನ ನಂಬಿಕೆ.

ದಶಮಾಂಶಕ್ಕೆ ದುಡ್ಡಿನ ಉದಾಹರಣೆಯೇ ಸಾಕು ಎನ್ನುವವರಿದ್ದಾರೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಎಂದಾದಾಗ ಈ ಮಾತಿಗೆ ಅರ್ಥವಿತ್ತು. ಅಲ್ಲಿಯವರೆಗೆ ಹದಿನಾರು ಆಣೆಗೆ ಒಂದು ರೂಪಾಯಿ, ಒಂದಾಣೆಗೆ 6.25 ನಯಾ ಪೈಸೆ ಎಂಬ ಹೊಸ ಲೆಕ್ಕವನ್ನು ಸಂತೆಯಲ್ಲಿ ಇಡೀ ದೇಶ ಕಲಿಯಬೇಕಾಗಿ ಬಂತು. ಈಗ ಪರಿಸ್ಥಿತಿ ಬೇರೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಇಂದು ಏಳನೇ ತರಗತಿಯಲ್ಲಿರುವ ಮಗು ಹತ್ತು ಪೈಸೆಯನ್ನು ಕೈಯಲ್ಲಿ ಹಿಡಿದಿಲ್ಲ, 0.1 ರೂಪಾಯಿ ಅದಕ್ಕೆ ಪುಸ್ತಕದ ವಸ್ತು. ಅದೂ ಅಲ್ಲದೆ ದುಡ್ಡು ಕೂಡುವುದಕ್ಕೆ, ಕಳೆಯುವುದಕ್ಕೆ ಒಳ್ಳೆಯ ಉದಾಹರಣೆ, ಗುಣಿಸುವುದಕ್ಕಲ್ಲ. ರೂಪಾಯಿಯನ್ನು ರೂಪಾಯಿಯಿಂದ ಗುಣಿಸಿದರೆ ಏನೂ ಆಗುವುದಿಲ್ಲ. 0.3 × 0.2 ಯಾಕೆ 0.06 ಎಂದು ಪೈಸೆಗಳಿಂದ ತೋರಿಸಲು ಹೊರಟರೆ ಮೇಷ್ಟ್ರೇ ಗೊಂದಲಕ್ಕೆ ಬೀಳುತ್ತಾರೆ.

ತೋರಿಸುವುದಕ್ಕೆ ವಿಸ್ತೀರ್ಣವಿದೆ. ಗ್ರಾಫ್ ಹಾಳೆಯಲ್ಲಿ ಹತ್ತಕ್ಕೆ ಹತ್ತು ಮನೆಗಳ ಒಂದು ಚೌಕ ಗುರುತಿಸಿ, ಇಡೀ ಚೌಕ ಒಂದು ಎಂದುಕೊಂಡು, ಉದ್ದಕ್ಕೆ ಮೂರು ಸಾಲು, ಅಡ್ಡಕ್ಕೆ ಎರಡು ಸಾಲು ಬಣ್ಣ ತುಂಬಿದರೆ ಎರಡೂ ಬಣ್ಣ ಕೂಡಿದ ಮನೆಗಳು ಆರು. ನೂರರಲ್ಲಿ ಆರು, ಅಂದರೆ 0.06. ಇದು ಹೊಸ ವಿಧಾನವೇನಲ್ಲ. ನಮ್ಮ ರಾಜ್ಯದ ಶಾಲೆಗಳು ಬಳಸುತ್ತ ಬಂದ ಎನ್‌ಸಿಇಆರ್‌ಟಿ ಏಳನೇ ತರಗತಿ ಗಣಿತ ಪುಸ್ತಕದ ‘ಭಿನ್ನರಾಶಿಗಳು ಮತ್ತು ದಶಮಾಂಶಗಳು’ ಅಧ್ಯಾಯದಲ್ಲಿ ಇಂಥದೇ ಚೌಕವಿದೆ, ಸೂತ್ರ ಅದರ ನಂತರವೇ ಬರುತ್ತದೆ. ಪುಸ್ತಕ ಸರಿಯಾಗಿದೆ, ಪುಸ್ತಕದಿಂದ ಬೋರ್ಡಿಗೆ, ಬೋರ್ಡಿನಿಂದ ಗೈಡಿಗೆ ಬರುವಷ್ಟರಲ್ಲಿ ಚೌಕ ಉದುರಿಹೋಗಿ ಸೂತ್ರ ಉಳಿಯುತ್ತದೆ. ಸ್ವಲ್ಪ ದೊಡ್ಡ ಸಂಖ್ಯೆಗಳಿಗೂ ಇದೇ ಚಿತ್ರವನ್ನು ಹಿಗ್ಗಿಸಬಹುದು. 2.4 ಮೀಟರ್ ಉದ್ದ, 1.5 ಮೀಟರ್ ಅಗಲದ ಜಗಲಿಯನ್ನು ನಾಲ್ಕು ತುಂಡು ಮಾಡಿ: ಎರಡಕ್ಕೆ ಒಂದರ ತುಂಡು 2, ಎರಡಕ್ಕೆ ಅರ್ಧದ ತುಂಡು 1, 0.4ಕ್ಕೆ ಒಂದರದು 0.4, 0.4ಕ್ಕೆ ಅರ್ಧದ್ದು 0.2. ಒಟ್ಟು 3.6 ಚದರ ಮೀಟರ್. ಬಿಂದು ಎಲ್ಲಿಡಬೇಕೆಂದು ಎಣಿಸುವ ಪ್ರಮೇಯವೇ ಬರಲಿಲ್ಲ. ಇದನ್ನು ನೋಡಿದ ಮೇಲೆ 24ನ್ನು 15ರಿಂದ ಗುಣಿಸಿ 360 ಪಡೆದು, ಅದು 36 ಆಗಿರಲಾರದು, 0.36 ಆಗಿರಲಾರದು, 3.6 ಆಗಿರಬೇಕು ಎಂದು ಮಗು ತಾನಾಗಿ ಹೇಳುತ್ತದೆ. ಹಾಗೆ ಹತ್ತಾರು ಲೆಕ್ಕಗಳಲ್ಲಿ ತಾನೇ ಬಿಂದು ಇಟ್ಟ ಮಗುವಿಗೆ ಸ್ಥಾನ ಎಣಿಸುವ ಸೂತ್ರ ತನ್ನದೇ ಪತ್ತೆಯಂತೆ ಕಾಣುತ್ತದೆ.

ಚೌಕಕ್ಕೆ ಬಣ್ಣ ತುಂಬಿಸಿದ ಮಾತ್ರಕ್ಕೆ ಎಲ್ಲ ಆಯಿತು ಎಂದೇನೂ ನಾನು ಹೇಳುತ್ತಿಲ್ಲ. ಚಟುವಟಿಕೆಯೂ ಸೂತ್ರದಷ್ಟೇ ಯಾಂತ್ರಿಕವಾಗಬಲ್ಲದು. ಮೂರು ಸಾಲು, ಎರಡು ಸಾಲು, ಆರು ಮನೆ ಎಂದು ಬಣ್ಣ ಬಳಿದು, ಇಡೀ ಚೌಕ ಒಂದು ಎಂಬುದನ್ನೇ ಮರೆತ ಮಗುವಿಗೆ ಉತ್ತರ 6 ಆಗಿಯೇ ಉಳಿಯುತ್ತದೆ. 12.5 × 3.6ಕ್ಕೆ ಚೌಕ ಬರೆಯುತ್ತ ಕೂರಲೂ ಆಗುವುದಿಲ್ಲ. ಅಂದಾಜಿಗೂ ಮಿತಿಯಿದೆ. 3.04 × 5.3ರಲ್ಲಿ ಅದು ಕೈಹಿಡಿಯುತ್ತದೆ, 0.003 × 0.07ರಲ್ಲಿ ಬಹಳ ಸಣ್ಣದು ಎಂಬುದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅಲ್ಲಿ ಸೂತ್ರವೇ ಬೇಕು. ಹತ್ತನೇ ಒಂದನ್ನು ಹತ್ತನೇ ಒಂದರಿಂದ ಗುಣಿಸಿದರೆ ನೂರನೇ ಒಂದು ಎಂಬುದನ್ನು ಮುಟ್ಟಿ ನೋಡಿದ ಮಗು ಅಂಥ ಕಡೆ ಸೂತ್ರವನ್ನು ಧೈರ್ಯವಾಗಿ ಬಳಸುತ್ತದೆ. ನೋಡದ ಮಗು ಅಲ್ಲೂ ಅಂಕಿ ಎಣಿಸುತ್ತದೆ, ಒಂದು ಸೊನ್ನೆ ತಪ್ಪಿದರೆ ತಿಳಿಯುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಿರಿಯರದು: ನಾವು ಬಾಯಿಪಾಠ ಮಾಡಿಯೇ ಕಲಿತೆವು, ಲೆಕ್ಕ ಕೆಟ್ಟಿಲ್ಲ. ಮಾತು ಸುಳ್ಳಲ್ಲ, ಆದರೆ ಅವರು ಬಾಯಿಪಾಠ ಮಾಡಿದ್ದು ಏನನ್ನು ಎಂದು ನೋಡಬೇಕು. ಕಾಲು, ಅರೆ, ಮುಕ್ಕಾಲು, ಒಂದೂವರೆಯ ಮಗ್ಗಿಗಳಿದ್ದವು. ಮುಕ್ಕಾಲು ಎಂಟ್ಲಿ ಆರು ಎಂದು ಹೇಳುವ ಹುಡುಗನಿಗೆ ಎಂಟನ್ನು ಗುಣಿಸಿದರೂ ಎಂಟಕ್ಕಿಂತ ಕಡಿಮೆ ಬರಬಹುದು ಎಂಬುದು ಮಗ್ಗಿಯ ಸಾಲುಸಾಲಿನಲ್ಲೂ ಕಿವಿಗೆ ಬೀಳುತ್ತಿತ್ತು. ಸೇರು, ಪಾವು, ಆಣೆಗಳ ವ್ಯವಹಾರ ಮನೆಯಲ್ಲೇ ನಡೆಯುತ್ತಿತ್ತು. ಅವರ ಕಂಠಪಾಠಕ್ಕೆ ಗಾತ್ರದ ಅರಿವು ಅಂಟಿಕೊಂಡೇ ಬಂದಿತ್ತು. ನಾವು ಆ ಮಗ್ಗಿಗಳನ್ನು ಬಿಟ್ಟೆವು, ಅದರ ಜಾಗದಲ್ಲಿ ಬಿಂದು ಎಣಿಸುವುದನ್ನು ತಂದೆವು. ಬಾಯಿಪಾಠದ ವಿರುದ್ಧ ನನ್ನ ತಕರಾರಿಲ್ಲ. ಒಂದರಿಂದ ಹತ್ತರವರೆಗಿನ ಮಗ್ಗಿ ನಾಲಿಗೆಯ ತುದಿಯಲ್ಲಿಲ್ಲದ ಮಗುವಿಗೆ ಅಂದಾಜು ಮಾಡುವುದೂ ಸಾಧ್ಯವಿಲ್ಲ. ಅರೆ, ಮುಕ್ಕಾಲಿನ ಮಗ್ಗಿಯನ್ನು ಐದನೇ ತರಗತಿಗೆ ವಾಪಸು ತಂದರೆ ಇನ್ನೂ ಒಳ್ಳೆಯದು.

ಫೋನಿದೆ, ಇದೆಲ್ಲ ಯಾಕೆ ಎಂಬುದು ಎರಡನೆಯ ಆಕ್ಷೇಪ. ಡೇರಿಯಲ್ಲಿ 6.4 ಲೀಟರ್ ಹಾಲಿಗೆ ಲೀಟರಿಗೆ 38.50ರಂತೆ ಎಷ್ಟು ಎಂಬುದನ್ನು ಯಂತ್ರವೇ ಹೇಳುತ್ತದೆ, ನಿಜ. ಯಂತ್ರ 246.40 ಎಂದರೆ ಒಪ್ಪಬಹುದು. ಬೆರಳು ತಪ್ಪಿ 64 ಎಂದು ಒತ್ತಿ 2464 ಬಂದರೆ, ಅಥವಾ 0.64 ಒತ್ತಿ 24.64 ಬಂದರೆ ಇದು ಸರಿಯಲ್ಲ ಎನ್ನಬೇಕಾದವರು ಯಾರು? ಆರು ಲೀಟರಿಗೆ 231, ಏಳು ಲೀಟರಿಗೆ 270ರ ಹತ್ತಿರ, ಉತ್ತರ ಇವೆರಡರ ನಡುವೆ ಇರಲೇಬೇಕು ಎಂದು ತಲೆಯಲ್ಲಿ ಹಾಕಿಕೊಂಡವರು ಮಾತ್ರ. ಯಂತ್ರ ಬಂದ ಮೇಲೆ ಕೈಲೆಕ್ಕದ ಅಗತ್ಯ ಕಡಿಮೆಯಾಗಿದೆ, ಅಂದಾಜಿನ ಅಗತ್ಯ ಹೆಚ್ಚಾಗಿದೆ. ಔಷಧದ ಪ್ರಮಾಣ ಬರೆಯುವಾಗ ಬಿಂದುವಿನ ಹಿಂದೆ ಸೊನ್ನೆ ಬಿಡಬಾರದು, ಪೂರ್ಣಸಂಖ್ಯೆಯ ಮುಂದೆ ಬಿಂದು ಸೊನ್ನೆ ಬರೆಯಬಾರದು ಎಂಬ ಕಟ್ಟುನಿಟ್ಟು ಆಸ್ಪತ್ರೆಗಳಲ್ಲಿದೆ. ಅರ್ಧ ಮಿಲಿಗ್ರಾಂ 0.5 ಎಂದಿರಬೇಕು, ಬರಿಯ .5 ಅಲ್ಲ, ಐದು ಮಿಲಿಗ್ರಾಂ 5 ಎಂದಿರಬೇಕು, 5.0 ಅಲ್ಲ. ಕಣ್ಣಿಗೆ ಬಿಂದು ತಪ್ಪಿದರೆ ರೋಗಿಗೆ ಹತ್ತು ಪಟ್ಟು ಔಷಧ ಹೋಗುತ್ತದೆ ಎಂಬ ಅನುಭವದಿಂದ ಹುಟ್ಟಿದ ನಿಯಮವದು.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ಗ್ರಾಮೀಣ ಭಾರತದ ಎಂಟನೇ ತರಗತಿಯ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಬರುವುದಿಲ್ಲ ಎಂದು ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ವರದಿಗಳು ಹೇಳುತ್ತ ಬಂದಿವೆ. ಅಂಥ ಮಕ್ಕಳ ಮುಂದೆ ದಶಮಾಂಶದ ಅರ್ಥ, ಅಂದಾಜು ಎನ್ನುವುದು ದುಬಾರಿ ಮಾತಲ್ಲವೇ? ಸೂತ್ರ ಕೊಟ್ಟು ಪಾಸು ಮಾಡಿಸಿದರೆ ಸಾಲದೇ? ನಾನು ಇದನ್ನು ತಿರುಗಿಸಿ ನೋಡುತ್ತೇನೆ. ಬ್ರೆಜಿಲಿನ ರೆಸಿಫೆ ನಗರದ ಬೀದಿಯಲ್ಲಿ ಮಾರಾಟ ಮಾಡುವ ಮಕ್ಕಳನ್ನು ಗಮನಿಸಿದ 1985ರ ಅಧ್ಯಯನವೊಂದರಲ್ಲಿ, ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿ ಬಂದವು. ಅವೇ ಲೆಕ್ಕಗಳನ್ನು ಕಾಗದದ ಮೇಲೆ ಕೊಟ್ಟಾಗ ನೂರಕ್ಕೆ 37. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ದೆಹಲಿ, ಕೋಲ್ಕತ್ತಗಳ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ ಹೇಳುತ್ತದೆ: ಅಂಗಡಿಯಲ್ಲಿ ತಲೆಯಲ್ಲೇ ಕಷ್ಟದ ಲೆಕ್ಕ ಮಾಡುವವರು ಶಾಲೆಯ ರೂಪದಲ್ಲಿ ಕೊಟ್ಟ ಸರಳ ಲೆಕ್ಕದಲ್ಲಿ ಸೋಲುತ್ತಾರೆ, ಶಾಲೆಯ ಲೆಕ್ಕ ಬರುವ ಮಕ್ಕಳು ಅಂಗಡಿಯ ಲೆಕ್ಕದಲ್ಲಿ ಸೋಲುತ್ತಾರೆ. ಹಿಂದುಳಿದಿದೆ ಎನ್ನುವ ಮಗುವಿನ ಹತ್ತಿರ ಇರುವುದು ಬಹಳ ಸಲ ಗಾತ್ರದ ಅರಿವೇ, ಇಲ್ಲದಿರುವುದು ಬರಹದ ಕ್ರಮ. ಇರುವುದನ್ನು ಬಿಟ್ಟು ಇಲ್ಲದಿರುವುದರಿಂದಲೇ ಪಾಠ ಶುರುಮಾಡಿದರೆ ಆ ಮಗು ಸೋಲುವುದರಲ್ಲಿ ಆಶ್ಚರ್ಯವೇನು? ಮುಕ್ಕಾಲು ಕೆಜಿ ಟೊಮೆಟೊಗೆ 24 ರೂಪಾಯಿ ಎಂದು ಬಾಯಲ್ಲಿ ಹೇಳಬಲ್ಲ ಮಗುವಿಗೆ, ಆ 24ನ್ನು ಹಿಡಿದುಕೊಂಡೇ 32 × 0.75 ಬರೆಯುವುದನ್ನು ಕಲಿಸಬಹುದು.

ಸಮಯವಿಲ್ಲ ಎಂಬ ಶಿಕ್ಷಕರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಗಳಿವೆ, ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಅರ್ಧ ವರ್ಷ ಕಳೆಯುವ ಶಾಲೆಗಳಿವೆ. ಅಂಥಲ್ಲಿ ಹೊಸ ತರಬೇತಿ, ಹೊಸ ಕಿಟ್, ಹೊಸ ಆ್ಯಪ್ ಎಂದು ಹೇರುವುದರಿಂದ ದಾಖಲೆ ತುಂಬುವ ಕೆಲಸ ಹೆಚ್ಚುತ್ತದೆಯೇ ಹೊರತು ಪಾಠ ಸುಧಾರಿಸುವುದಿಲ್ಲ. ನಾನು ಕೇಳುತ್ತಿರುವ ಬದಲಾವಣೆಗೆ ಇವು ಯಾವುವೂ ಬೇಕಿಲ್ಲ. ಪ್ರತಿ ಲೆಕ್ಕದ ಮೇಲೆ, ಗುಣಿಸುವ ಮೊದಲು, ಉತ್ತರ ಯಾವ ಎರಡು ಪೂರ್ಣಸಂಖ್ಯೆಗಳ ನಡುವೆ ಬರುತ್ತದೆ ಎಂಬ ಒಂದು ಸಾಲು ಬರೆಸಿದರೆ ಸಾಕು. ಇಪ್ಪತ್ತು ಲೆಕ್ಕ ಮಾಡಿಸುವಲ್ಲಿ ಹನ್ನೆರಡು ಮಾಡಿಸಿದರೆ ಆ ಸಾಲಿಗೆ ಸಮಯ ಸಿಗುತ್ತದೆ, ಮಕ್ಕಳು ಕಳೆದುಕೊಳ್ಳುವುದು ಏನೂ ಇಲ್ಲ.

ಆದರೆ ಪರೀಕ್ಷೆ ಕೇಳದ್ದನ್ನು ತರಗತಿ ಬಹಳ ದಿನ ಕಲಿಸುವುದಿಲ್ಲ, ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಬದಲಾವಣೆ ಪ್ರಶ್ನೆಪತ್ರಿಕೆಯಿಂದ ಶುರುವಾಗಬೇಕು, ಅದೂ ವಾರ್ಷಿಕ ಪರೀಕ್ಷೆಯವರೆಗೆ ಕಾಯದೆ ಶಾಲೆಯಲ್ಲೇ ತಯಾರಾಗುವ ರೂಪಣಾತ್ಮಕ ಮೌಲ್ಯಮಾಪನಗಳಿಂದ. 348 × 27 = 9396 ಎಂದು ಕೊಟ್ಟುಬಿಟ್ಟು, ಹಾಗಾದರೆ 3.48 × 2.7 ಎಷ್ಟು, 34.8 × 0.27 ಎಷ್ಟು, ಎರಡೂ ಒಂದೇ ಬಂದದ್ದು ಯಾಕೆ ಎಂದು ಕೇಳಬಹುದು. 62.5 × 0.48ರ ಉತ್ತರ 62.5ಕ್ಕಿಂತ ದೊಡ್ಡದೋ ಚಿಕ್ಕದೋ, ಗುಣಿಸದೆ ಹೇಳಿ ಎನ್ನಬಹುದು. ಮೌಲ್ಯಮಾಪನ ಮಾಡುವವರಿಗೂ ಇದು ಸುಲಭ, ಒಂದು ನೋಟದಲ್ಲಿ ಮಗುವಿಗೆ ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕರಲ್ಲಿ ನನ್ನ ಕೋರಿಕೆ ಇದು: ದಶಮಾಂಶ ಗುಣಾಕಾರಕ್ಕೆ ಎರಡು ಅಂಕಗಳಿದ್ದರೆ ಅದರಲ್ಲಿ ಒಂದನ್ನು ಅಂದಾಜಿಗೆ ಮೀಸಲಿಡಿ, ಅಂದಾಜು ಸರಿಯಿದ್ದು ಗುಣಾಕಾರದಲ್ಲಿ ಒಂದು ಅಂಕಿ ತಪ್ಪಿದ ಮಗುವಿಗೆ ಆ ಒಂದು ಅಂಕವನ್ನು ಕೊಡಿ.